ಪುಕ್ಕಟೆಯದೆಲ್ಲ ನಮ್ಮದಲ್ಲ

(ಜೀಡಿಮೆಟ್ಲಾದಲ್ಲಿ ನಡೆದ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಈ ದಿನ ಸಭೆಯ ಮುಂದೆ ಬಂದಿರುವ ವಿಷಯ ಮೇಲುನೋಟಕ್ಕೆ ಬಹಳ ಸಣ್ಣದು. ಸಂಘದ ವತಿಯಿಂದ ಸದಸ್ಯರಿಗೆ ಒಂದೊಂದು ಪೆನ್ ಡ್ರೈವ್ ಕೊಡಬೇಕೆಂದು ಕಾರ್ಯಕಾರಿ ಸಮಿತಿ ನಿಶ್ಚಯಿಸಿದೆ. ಅದರಲ್ಲಿ ಅವರವರ ಕಾಗದಪತ್ರಗಳ ನಕಲುಗಳಿರಬೇಕು. ಅವನ್ನು ನೋಡಲು, ಜೋಡಿಸಲು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಲು ಒಂದು ಫೈಲ್ ಮ್ಯಾನೇಜರೂ ಇರಬೇಕು. ಯಾವ ಫೈಲ್ ಮ್ಯಾನೇಜರ್ ಹಾಕಬೇಕೆಂಬುದರಲ್ಲಿ ಸಮಿತಿಯೊಳಗೆ ಎರಡು ಮಾತಾಗಿದೆ. ಕೆಲವರು ಫ್ರೀಕಮಾಂಡರ್ ಎನ್ನುತ್ತಾರೆ, ಕೆಲವರು ಡಬಲ್ ಕಮಾಂಡರ್ ಎನ್ನುತ್ತಾರೆ. "ಎರಡಕ್ಕೂ ಕಾಸು ಕೊಡಬೇಕಾಗಿಲ್ಲವಷ್ಟೆ, ಮತ್ತೆ ಈ ಚರ್ಚೆ ಯಾಕೆ?" ಎಂದು ಕೇಳುವವರೂ ನಮ್ಮಲ್ಲಿದ್ದಾರೆ. ಅವರ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಹೇಳುವುದೇ ನನ್ನ ಇಂದಿನ ಕೆಲಸ.

ನಮಗೇಕೆ ಇದು?

ಬೀದರ್, ಕಲಬುರಗಿ, ರಾಯಚೂರುಗಳಿಂದ ಬಂದು ಇಲ್ಲಿಯ ಕಾರ್ಖಾನೆಗಳಲ್ಲಿ ದುಡಿಯುವವರು ನಾವು. ಕರಾವಳಿಯಿಂದ ಬಂದು ಹೋಟೆಲುಗಳ ಭಟ್ಟಿಯ ಮುಂದೆ ನಿಂತವರು ನಾವು. ಇಂದು ಒಂದು ಕಡೆ, ನಾಳೆ ಇನ್ನೊಂದು ಕಡೆ. ಮಾಲೀಕ ಬದಲಾಗುತ್ತಾನೆ, ಕಂತ್ರಾಟುದಾರ ಬದಲಾಗುತ್ತಾನೆ, ಕೆಲವು ಸಲ ಕಾರ್ಖಾನೆಯೇ ಬಾಗಿಲು ಹಾಕುತ್ತದೆ. ಆಗ ನಾವು ಅಲ್ಲಿ ದುಡಿದೆವೆಂಬುದಕ್ಕೆ ಸಾಕ್ಷಿ ಯಾವುದು? ನೇಮಕದ ಪತ್ರ, ಸಂಬಳದ ಚೀಟಿ, ಹಾಜರಿಯ ನಕಲು, ಪ್ರಾವಿಡೆಂಟ್ ಫಂಡಿನ ಹನ್ನೆರಡು ಅಂಕಿಗಳ ಸಂಖ್ಯೆ, ಇಎಸ್‌ಐ ಕಾರ್ಡು. ದೇಹ ಸವೆಸಿ ದುಡಿದ ವರ್ಷಗಳೆಲ್ಲ ಕೊನೆಗೆ ಈ ನಾಲ್ಕು ಕಾಗದಗಳಲ್ಲಿ ಬಂದು ನಿಲ್ಲುತ್ತವೆ. ಅವು ಹೋದರೆ ಹಕ್ಕು ಹೋಯಿತೆಂದೇ ತಿಳಿಯಬೇಕು.

ನಮ್ಮಲ್ಲಿ ಸ್ವಂತ ಕಂಪ್ಯೂಟರು ಇರುವವರು ಕಡಿಮೆ. ಅರ್ಜಿ ಹಾಕಬೇಕಾದರೆ ನೆಟ್ ಸೆಂಟರಿಗೆ, ಇಲ್ಲವೆ ಮೀಸೇವಾ ಕೇಂದ್ರಕ್ಕೆ ಹೋಗುತ್ತೇವೆ. ಯಂತ್ರ ಪರರದು, ಅದರಲ್ಲಿ ಹೊಸ ಪ್ರೋಗ್ರಾಮನ್ನು ಕೂಡಿಸಲು ನಮಗೆ ಅಧಿಕಾರವಿಲ್ಲ. ಆದ್ದರಿಂದಲೇ ಪೋರ್ಟಬಲ್ ಬಗೆಯದು ಬೇಕು. ಪೋರ್ಟಬಲ್ ಎಂದರೆ ಯಂತ್ರದಲ್ಲಿ ಇನ್‌ಸ್ಟಾಲ್ ಮಾಡದೆ ಪೆನ್ ಡ್ರೈವಿನಿಂದಲೇ ನಡೆಯುವಂಥದು. ತನ್ನ ಸೆಟ್ಟಿಂಗುಗಳನ್ನೆಲ್ಲ ತನ್ನ ಫೋಲ್ಡರಿನಲ್ಲೇ ಇಟ್ಟುಕೊಳ್ಳುವಂಥದು. ಅಡಿಗೆಯವನು ತನ್ನ ಸಟ್ಟುಗವನ್ನು ತಾನೇ ತಂದು, ಕೆಲಸ ಮುಗಿದ ಮೇಲೆ ತೊಳೆದುಕೊಂಡು ಹೋದ ಹಾಗೆ.

"ವಿಂಡೋಸಿನಲ್ಲೇ ಫೈಲು ನೋಡುವ ಏರ್ಪಾಡು ಉಂಟಲ್ಲ, ಅದು ಸಾಲದೆ?" ಎನ್ನಬಹುದು. ಬಹಳ ಕೆಲಸಕ್ಕೆ ಸಾಕು. ಆದರೆ ಅದು ಕೆಲವನ್ನು ಮರೆಮಾಡುತ್ತದೆ. ಹೊಂದಿಕೆಯನ್ನು ಬದಲಾಯಿಸದಿದ್ದರೆ ಫೈಲಿನ ಹೆಸರಿನ ಕೊನೆಯ ಬಾಲವನ್ನು ತೋರಿಸುವುದಿಲ್ಲ. 'ಸಂಬಳಪಟ್ಟಿ.ಪಿಡಿಎಫ್' ಎಂದು ಕಾಣುವುದು ನಿಜವಾಗಿ 'ಸಂಬಳಪಟ್ಟಿ.ಪಿಡಿಎಫ್.ಇಎಕ್ಸ್ಇ' ಇರಬಹುದು, ಅದು ಕಾಗದವಲ್ಲ, ಮುಟ್ಟಿದರೆ ಓಡಲು ತೊಡಗುವ ಪ್ರೋಗ್ರಾಮು. ಇನ್ನೊಂದು ತೊಂದರೆಯನ್ನು ನಮ್ಮಲ್ಲಿ ಅನೇಕರು ಅನುಭವಿಸಿದ್ದೀರಿ. ಪೆನ್ ಡ್ರೈವ್ ಎಲ್ಲೋ ಹಾಕಿ ತೆಗೆದ ಮೇಲೆ ಫೋಲ್ಡರುಗಳೆಲ್ಲ ಮಾಯವಾಗಿ, ಅವುಗಳ ಜಾಗದಲ್ಲಿ ಶಾರ್ಟ್‌ಕಟ್ಟುಗಳು ಮಾತ್ರ ಕಾಣುತ್ತವೆ. ಅಂಗಡಿಯವನು "ಎಲ್ಲ ಹೋಯಿತು, ಫಾರ್ಮ್ಯಾಟ್ ಮಾಡೋಣ" ಎನ್ನುತ್ತಾನೆ. ಬಹುತೇಕ ಸಂದರ್ಭಗಳಲ್ಲಿ ಏನೂ ಹೋಗಿರುವುದಿಲ್ಲ! ಆ ಬಗೆಯ ವೈರಸ್ಸು ನಿಜವಾದ ಫೈಲುಗಳಿಗೆ 'ಮರೆ'ಯ ಗುರುತು ಹಚ್ಚಿರುತ್ತದೆ, ಅಷ್ಟೆ. ಮರೆಯಲ್ಲಿರುವುದನ್ನೂ ತೋರಿಸೆಂದು ಹೇಳಬಲ್ಲ ಒಂದು ಒಳ್ಳೆಯ ಫೈಲ್ ಮ್ಯಾನೇಜರ್ ಕೈಯಲ್ಲಿದ್ದರೆ ಅವು ಅಲ್ಲೇ ಕಾಣುತ್ತವೆ. ಹತ್ತು ವರ್ಷದ ಸಂಬಳದ ಚೀಟಿಗಳು ಉಳಿಯುವುದೂ ಅಳಿಯುವುದೂ ಇಷ್ಟರ ಮೇಲೆ ನಿಂತಿರುತ್ತದೆ.

ಎರಡು ಹಲಗೆಯ ಹಳೆಯ ಪದ್ಧತಿ

ನಾವು ಚರ್ಚಿಸುತ್ತಿರುವ ಎರಡು ಪ್ರೋಗ್ರಾಮುಗಳೂ ಒಂದೇ ವಂಶದವು. ೧೯೮೬ರಲ್ಲಿ ನಾರ್ಟನ್ ಕಮಾಂಡರ್ ಎಂಬುದು ಹೊರಬಂತು. ತೆರೆಯನ್ನು ಎರಡು ಪಾಲು ಮಾಡಿ, ಎಡಗಡೆ ಒಂದು ಫೋಲ್ಡರು, ಬಲಗಡೆ ಇನ್ನೊಂದು ಫೋಲ್ಡರು ತೋರಿಸುವುದು ಅದರ ಕ್ರಮ. ಎಫ್-೫ ಒತ್ತಿದರೆ ನಕಲು, ಎಫ್-೬ ಒತ್ತಿದರೆ ಸ್ಥಳಾಂತರ, ಎಫ್-೭ ಒತ್ತಿದರೆ ಹೊಸ ಫೋಲ್ಡರು, ಎಫ್-೮ ಒತ್ತಿದರೆ ಅಳಿಸುವುದು. ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಎಂಬುದು ಕಣ್ಣೆದುರಿಗೇ ಇರುವುದರಿಂದ ತಪ್ಪು ಕಡಿಮೆ. ಮುಂದೆ ೧೯೯೩ರಲ್ಲಿ ಸ್ವಿಟ್ಜರ್‌ಲೆಂಡಿನ ಕ್ರಿಶ್ಚಿಯನ್ ಗಿಸ್ಲರ್ ಇದೇ ಪದ್ಧತಿಯನ್ನು ವಿಂಡೋಸಿಗೆ ತಂದರು. ಅದು ಈಗ ಟೋಟಲ್ ಕಮಾಂಡರ್ ಎಂದು ಹೆಸರಾಗಿದೆ. ಅದು ಕ್ರಯಕ್ಕೆ ಕೊಳ್ಳಬೇಕಾದದ್ದು. ಪರೀಕ್ಷೆಗೆ ಮಾತ್ರ ಸ್ವಲ್ಪ ಕಾಲ ಉಚಿತ. ಆದ್ದರಿಂದ ನಮ್ಮ ಚರ್ಚೆಗೆ ಅದು ಬರುವುದಿಲ್ಲ.

ಫ್ರೀಕಮಾಂಡರ್ ಮುಚ್ಚಿದ ತಂತ್ರಾಂಶ, ಆದರೆ ಪುಕ್ಕಟೆ. ಡಬಲ್ ಕಮಾಂಡರ್ ತೆರೆದ ಮೂಲದ ತಂತ್ರಾಂಶ. ಜಿಪಿಎಲ್ ಎಂಬ ಲೈಸೆನ್ಸಿನ ಕೆಳಗೆ ಬಂದದ್ದು. ಎರಡರಲ್ಲೂ ಎರಡು ಹಲಗೆಗಳುಂಟು, ಎರಡರಲ್ಲೂ ಮರೆಯ ಫೈಲುಗಳನ್ನು ನೋಡಬಹುದು, ಎರಡು ಫೋಲ್ಡರುಗಳನ್ನು ಹೋಲಿಸಿ ಸರಿದೂಗಿಸಬಹುದು, ನಕಲು ಸರಿಯಾಗಿ ಆಯಿತೇ ಎಂದು ತಾಳೆ ನೋಡಬಹುದು. ಕೆಲಸದಲ್ಲಿ ಒಂದು ಮೇಲು, ಇನ್ನೊಂದು ಕೀಳು ಎಂದು ನಾನು ಹೇಳುವುದಿಲ್ಲ. ಫ್ರೀಕಮಾಂಡರ್ ಮಾಡಿದವರು ಬಹಳ ವರ್ಷಗಳಿಂದ ಪ್ರಾಮಾಣಿಕವಾಗಿ ದುಡಿದು ಜನಕ್ಕೆ ಉಪಕಾರ ಮಾಡಿದ್ದಾರೆ. ಅವರ ಮೇಲೆ ನನ್ನ ದೂರೇನೂ ಇಲ್ಲ. ವ್ಯತ್ಯಾಸವಿರುವುದು ಕೆಲಸದಲ್ಲಲ್ಲ, ಹಕ್ಕಿನಲ್ಲಿ.

ಊಟ ಹಾಕುವವನೂ ಅಡಿಗೆಮನೆ ತೆರೆದಿಡುವವನೂ

ಹೋಟೆಲಿನ ಬಂಧುಗಳಿಗೆ ಇದು ಬೇಗ ತಿಳಿದೀತು. ಒಬ್ಬ ಧಣಿ ದಿನವೂ ಬಿಟ್ಟಿ ಊಟ ಹಾಕುತ್ತಾನೆ. ಆದರೆ ಅಡಿಗೆಮನೆಗೆ ಯಾರನ್ನೂ ಬಿಡುವುದಿಲ್ಲ. ಊಟ ರುಚಿಯಾಗಿದೆ, ಸಂತೋಷ. ಆದರೆ ಯಾವ ಎಣ್ಣೆ ಎಂದು ಕೇಳುವಂತಿಲ್ಲ, ಹೀಗೆ ಮಾಡುವುದೆಂದು ಕಲಿಯುವಂತಿಲ್ಲ, ಉಪ್ಪು ಹೆಚ್ಚಾದರೆ ತಿದ್ದುವಂತಿಲ್ಲ, ನಾಳೆ ಅವನು ಬಾಗಿಲು ಹಾಕಿದರೆ ಮಾತನಾಡುವಂತಿಲ್ಲ. ಇನ್ನೊಬ್ಬ ಊಟದ ಜೊತೆಗೆ ಅಡಿಗೆಯ ಕ್ರಮವನ್ನೂ ಬರೆದು ಗೋಡೆಗೆ ಅಂಟಿಸಿ, "ಮಾಡಿಕೊಳ್ಳಿ, ತಿದ್ದಿಕೊಳ್ಳಿ, ನಾಲ್ಕು ಜನಕ್ಕೆ ಹಂಚಿ, ಆದರೆ ಹಂಚುವಾಗ ನೀವೂ ಈ ಕ್ರಮವನ್ನು ಬಚ್ಚಿಡಬೇಡಿ" ಎನ್ನುತ್ತಾನೆ. ಇಬ್ಬರ ಊಟಕ್ಕೂ ದುಡ್ಡಿಲ್ಲ. ಆದರೆ ಎರಡೂ ಒಂದೆ ಎನ್ನಲಾದೀತೆ?

ಕಾರ್ಖಾನೆಯ ಬಂಧುಗಳಿಗೆ ಇನ್ನೊಂದು ಸಂಗತಿ ಹೇಳುತ್ತೇನೆ. ಅಮೆರಿಕದ ಎಂಐಟಿ ಎಂಬ ವಿದ್ಯಾಸಂಸ್ಥೆಯ ಪ್ರಯೋಗಶಾಲೆಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬವರು ಕೆಲಸ ಮಾಡುತ್ತಿದ್ದರು. ಅಲ್ಲಿಯ ಮುದ್ರಣಯಂತ್ರದಲ್ಲಿ ಆಗಾಗ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಹಿಂದಿನ ಯಂತ್ರದ ಪ್ರೋಗ್ರಾಮನ್ನು ಅವರು ತಾವೇ ತಿದ್ದಿ, ಕಾಗದ ಸಿಕ್ಕಿದೊಡನೆ ಎಲ್ಲರಿಗೂ ಸುದ್ದಿ ಹೋಗುವಂತೆ ಮಾಡಿದ್ದರು. ಹೊಸ ಯಂತ್ರ ಬಂದಾಗ ಅದರ ಪ್ರೋಗ್ರಾಮಿನ ಮೂಲವನ್ನು ಕೊಡಲು ಅದನ್ನು ಇಟ್ಟುಕೊಂಡಿದ್ದವರು ಒಪ್ಪಲಿಲ್ಲ. ಕೈಯಲ್ಲಿ ವಿದ್ಯೆ ಇತ್ತು, ಎದುರಿಗೆ ಕೆಟ್ಟ ಯಂತ್ರ ಇತ್ತು, ಮುಟ್ಟಲು ಅಪ್ಪಣೆ ಇರಲಿಲ್ಲ. ೧೯೮೩ರಲ್ಲಿ ಅವರು ಸ್ವತಂತ್ರ ತಂತ್ರಾಂಶದ ಕೆಲಸವನ್ನು ಸಾರಿದರು. ೧೯೮೯ರಲ್ಲಿ ಜಿಪಿಎಲ್ ಲೈಸೆನ್ಸು ಹೊರಬಂತು. ಮಗ್ಗ ನಿಂತಾಗ ಜಾಬರನ ಕೈಯನ್ನು ಕಟ್ಟಿಹಾಕಿದರೆ ಅವನಿಗೆ ಏನನ್ನಿಸೀತೋ ಅದೇ ನೋವಿನಿಂದ ಈ ಚಳವಳಿ ಹುಟ್ಟಿತು.

ಎರಡು ಫೈಲ್ ಮ್ಯಾನೇಜರುಗಳ ಕಥೆ

ತತ್ತ್ವದ ಮಾತು ಸಾಕು, ನಡೆದದ್ದನ್ನು ನೋಡೋಣ. ನಿಮ್ಮಲ್ಲಿ ಅನೇಕರ ಮೊಬೈಲಿನಲ್ಲಿ ಒಂದು ಕಾಲಕ್ಕೆ ಇಎಸ್ ಫೈಲ್ ಎಕ್ಸ್‌ಪ್ಲೋರರ್ ಇತ್ತು. ಅದು ಮುಚ್ಚಿದ ತಂತ್ರಾಂಶ, ಪುಕ್ಕಟೆ. ಹತ್ತು ಕೋಟಿಗೂ ಮಿಕ್ಕಿ ಫೋನುಗಳಿಗೆ ಅದು ಇಳಿದಿತ್ತು. ೨೦೧೯ರ ಜನವರಿಯಲ್ಲಿ ಒಬ್ಬ ಸಂಶೋಧಕರು ಅದರೊಳಗಿನ ಒಂದು ಕಿಂಡಿಯನ್ನು ತೋರಿಸಿಕೊಟ್ಟರು: ಅದು ಫೋನಿನಲ್ಲಿ ಸದ್ದಿಲ್ಲದೆ ಒಂದು ಬಾಗಿಲು ತೆರೆದಿಡುತ್ತಿತ್ತು, ಅದೇ ವೈಫೈಯಲ್ಲಿ ಕುಳಿತ ಬೇರೊಬ್ಬನು ಆ ಬಾಗಿಲಿನಿಂದ ನಮ್ಮ ಫೈಲುಗಳನ್ನು ನೋಡಬಹುದಾಗಿತ್ತು. ಅದೇ ವರ್ಷದ ಏಪ್ರಿಲಿನಲ್ಲಿ, ಜಾಹೀರಾತಿನ ಮೋಸದ ಆರೋಪ ಬಂದ ಕಂಪನಿಯ ಇತರ ಆ್ಯಪ್‌ಗಳೊಂದಿಗೆ ಅದೂ ಗೂಗಲ್ ಪ್ಲೇ ಅಂಗಡಿಯಿಂದ ಮಾಯವಾಯಿತು. ೨೦೨೦ರ ಜೂನಿನಲ್ಲಿ ಭಾರತ ಸರಕಾರ ನಿಷೇಧಿಸಿದ ೫೯ ಆ್ಯಪ್‌ಗಳ ಪಟ್ಟಿಯಲ್ಲೂ ಅದರ ಹೆಸರು ಸೇರಿತು. ಬಳಸುತ್ತಿದ್ದವರು ಮಾಡಬಹುದಾದದ್ದೇನು? ಏನೂ ಇಲ್ಲ. ಒಳ್ಳೆಯ ಭಾಗವನ್ನು ಉಳಿಸಿಕೊಂಡು ಕೆಟ್ಟದ್ದನ್ನು ಕಿತ್ತುಹಾಕೋಣವೆಂದರೆ ಮೂಲವೇ ಯಾರ ಕೈಯಲ್ಲೂ ಇರಲಿಲ್ಲ.

ಈಗ ಎರಡನೆಯ ಕಥೆ ಕೇಳಿ. ಸಿಂಪಲ್ ಮೊಬೈಲ್ ಟೂಲ್ಸ್ ಎಂಬ ಹೆಸರಿನಲ್ಲಿ ಹಲವು ಆ್ಯಪ್‌ಗಳಿದ್ದವು. ಅವುಗಳಲ್ಲಿ ಒಂದು ಫೈಲ್ ಮ್ಯಾನೇಜರು. ಅದು ತೆರೆದ ಮೂಲದ್ದು. ೨೦೨೩ರ ಕೊನೆಯಲ್ಲಿ ಅದರ ಮೂಲಕರ್ತರು ಅದನ್ನು ಬೇರೊಂದು ಕಂಪನಿಗೆ ಮಾರಿದರು. ಜನಕ್ಕೆ ಆತಂಕವಾಯಿತು: ಇನ್ನು ಜಾಹೀರಾತು ಬಂದೀತು, ಒಳಗೆ ಏನೇನು ತುಂಬಿಯಾರೋ ಎಂದು. ಆದರೆ ಇಲ್ಲಿ ಬಳಕೆದಾರರು ಕೈಕಟ್ಟಿ ಕೂರಬೇಕಾಗಿರಲಿಲ್ಲ. ಅದುವರೆಗೆ ಅದಕ್ಕಾಗಿ ಕೆಲಸ ಮಾಡಿದ್ದವರೇ ಮೂಲವನ್ನು ಎತ್ತಿಕೊಂಡು ಫಾಸಿಫೈ ಎಂಬ ಹೊಸ ಹೆಸರಿನಲ್ಲಿ ಮುಂದುವರಿಸಿದರು. ಮಾಲೀಕ ಅಂಗಡಿಯನ್ನು ಮಾರಿದ. ಆದರೆ ಕಸುಬು ಕೆಲಸಗಾರರ ಕೈಯಲ್ಲೇ ಉಳಿಯಿತು.

ಬಂಧುಗಳೇ, ಈ ಎರಡು ಕಥೆಗಳ ನಡುವಿನ ಅಂತರವೇ ನಾನು ಹೇಳಬೇಕೆಂದಿರುವ ಅಂತರ. ತೆರೆದ ಮೂಲದವರು ದೇವತೆಗಳು, ಮುಚ್ಚಿದ ಮೂಲದವರು ರಾಕ್ಷಸರು ಎಂದಲ್ಲ. ಇಬ್ಬರೂ ಮನುಷ್ಯರೇ, ಇಬ್ಬರೂ ಬೇಸತ್ತಾರು, ಮಾರಿಯಾರು, ತೀರಿಕೊಂಡಾರು. ಆಮೇಲೆ ನಮ್ಮ ಗತಿ ಏನು ಎಂಬುದೇ ಪ್ರಶ್ನೆ.

ಕನ್ನಡಿಗರ ಅನುಭವ

ಇದು ಹೊರದೇಶದ ಮಾತು ಮಾತ್ರವಲ್ಲ. ೧೯೯೮ರಲ್ಲಿ ಶೇಷಾದ್ರಿ ವಾಸು ಅವರು ಬರಹ ತಂತ್ರಾಂಶವನ್ನು ಹೊರತಂದು ಪುಕ್ಕಟೆಯಾಗಿ ಹಂಚಿದರು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯೂ ಜನಕ್ಕೆ ಉಚಿತವಾಗಿ ದೊರೆಯಿತು. ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಲು ಇವೆರಡೂ ಮಾಡಿದ ಸೇವೆ ದೊಡ್ಡದು. ಅದನ್ನು ಮರೆಯುವವನು ಕೃತಘ್ನ. ಆದರೂ ಒಂದು ಪಾಠವುಂಟು. ಆ ಕಾಲದ ಫೈಲುಗಳು ಆಯಾ ತಂತ್ರಾಂಶದ ಅಕ್ಷರವಿನ್ಯಾಸಕ್ಕೆ ಕಟ್ಟುಬಿದ್ದಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು, ಚಿಹ್ನೆಗಳು ಕಾಣುತ್ತವೆ. ೧೯೯೧ರ ಮೊದಲ ಯೂನಿಕೋಡಿನಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. ಆದರೆ ಅದು ಬಳಕೆಗೆ ಬರಲು ವರ್ಷಗಳು ಹಿಡಿದವು. ಅಷ್ಟರಲ್ಲಿ ಎಷ್ಟೋ ಸಂಘಗಳ ನಡಾವಳಿ, ಎಷ್ಟೋ ಪತ್ರಿಕೆಗಳ ಹಳೆಯ ಸಂಚಿಕೆಗಳು ಹಳೆಯ ಅಕ್ಷರದಲ್ಲೇ ಸಿಕ್ಕಿಬಿದ್ದವು. ತಂತ್ರಾಂಶಕ್ಕೆ ಆಯಸ್ಸು ಕಡಿಮೆ, ಕಾಗದಕ್ಕೆ ಹೆಚ್ಚು. ಆದ್ದರಿಂದ ಫೈಲು ತೆರೆದ ರೂಪದಲ್ಲಿರಬೇಕು, ಅದನ್ನು ಹಿಡಿಯುವ ಕೈಯೂ ತೆರೆದಿದ್ದರೆ ಒಳ್ಳೆಯದು.

ಎದುರು ಮಾತುಗಳು

ಈಗ ಎದುರುಪಕ್ಷದ ಮಾತನ್ನೂ ನೋಡಬೇಕು. "ಮೂಲ ತೆರೆದಿದ್ದರೆ ನಮಗೇನು ಬಂತು? ದೋಸೆ ಹುಯ್ಯುವವನು ಅದನ್ನು ಓದುತ್ತಾನೆಯೆ?" ಎಂಬುದು ಮೊದಲನೆಯ ಮಾತು. ನಾವು ಓದಲಾರೆವು, ನಿಜ. ಸಂಘದ ಲೆಕ್ಕಪತ್ರವನ್ನೂ ಪ್ರತಿಯೊಬ್ಬ ಸದಸ್ಯ ಓದುವುದಿಲ್ಲ. ಆದರೆ ಯಾರು ಬೇಕಾದರೂ ಓದಬಹುದು ಎಂಬ ಒಂದೇ ಕಾರಣಕ್ಕೆ ಖಜಾಂಚಿ ಎಚ್ಚರವಾಗಿರುತ್ತಾನೆ. ಅಲ್ಲದೆ ನಮ್ಮ ಮಕ್ಕಳು ಇದೇ ನಗರದ ಕಾಲೇಜುಗಳಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾರೆ. ಹೈದರಾಬಾದಿನ ಸ್ವೇಚ್ಛಾ ಎಂಬ ಸಂಸ್ಥೆ ೨೦೦೫ರಿಂದ ಸ್ವತಂತ್ರ ತಂತ್ರಾಂಶದ ಕೆಲಸ ಮಾಡುತ್ತಿದೆ. ಓದಬಲ್ಲವರು ನಮ್ಮ ನೆರೆಯಲ್ಲೇ ಇದ್ದಾರೆ.

ಎರಡನೆಯದು: "ತೆರೆದ ಮೂಲದಲ್ಲಿ ಮೋಸವಿಲ್ಲವೆ?" ಇದೆ. ೨೦೨೪ರ ಮಾರ್ಚಿನಲ್ಲಿ ಎಕ್ಸ್‌ಝಡ್ ಎಂಬ ತೆರೆದ ಮೂಲದ ಸಲಕರಣೆಯೊಳಗೆ ಕಳ್ಳಬಾಗಿಲು ಇದ್ದದ್ದು ಬೆಳಕಿಗೆ ಬಂತು. ಸಹಾಯಕನಾಗಿ ವರ್ಷಗಟ್ಟಲೆ ವಿಶ್ವಾಸ ಗಳಿಸಿದ ಒಬ್ಬನ ಹೆಸರಿನಿಂದಲೇ ಅದು ಒಳಸೇರಿತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರರು, ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಸಂಶಯಪಟ್ಟು, ಬಗೆದು ನೋಡಿ ಅದನ್ನು ಹಿಡಿದರು. ಇದರಿಂದ ಎರಡು ವಿಷಯ ತಿಳಿಯುತ್ತವೆ. ತೆರೆದದ್ದೆಲ್ಲ ತಾನಾಗಿಯೇ ಶುದ್ಧವಲ್ಲ. ಆದರೆ ಯಾರ ಅಪ್ಪಣೆಯೂ ಇಲ್ಲದೆ ಹೊರಗಿನವನೊಬ್ಬ ಬಗೆದು ನೋಡಲು ಅಲ್ಲಿ ದಾರಿಯಿತ್ತು. ಮುಚ್ಚಿದ ಪುಕ್ಕಟೆ ತಂತ್ರಾಂಶವಾದ ಸಿಕ್ಲೀನರಿನ ಅಧಿಕೃತ ಪ್ರತಿಯೊಳಗೇ ೨೦೧೭ರಲ್ಲಿ ಕಳ್ಳರು ವಿಷ ಬೆರೆಸಿದ್ದರು. ಅದು ಪತ್ತೆಯಾಗುವ ಹೊತ್ತಿಗೆ ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಯಂತ್ರಗಳನ್ನು ಸೇರಿತ್ತು. ಕಳ್ಳ ಎರಡು ಕಡೆಗೂ ಬರುತ್ತಾನೆ. ದೀಪ ಇರುವ ಕಡೆ ಹಿಡಿಯುವುದು ಸುಲಭ.

ಮೂರನೆಯದು: "ಫ್ರೀಕಮಾಂಡರ್ ನೋಡಲು ಅಂದ, ಕಲಿಯಲು ಸುಲಭ." ಇದಕ್ಕೆ ನಾನು ವಾದ ಹೂಡುವುದಿಲ್ಲ. ತನ್ನ ಸ್ವಂತ ಯಂತ್ರದಲ್ಲಿ ಯಾರಿಗೆ ಯಾವುದು ಒಗ್ಗುತ್ತದೋ ಅದನ್ನು ಇಟ್ಟುಕೊಳ್ಳಲಿ. ಆದರೆ ಇಲ್ಲಿ ಒಬ್ಬನ ಮಾತಲ್ಲ, ಸಂಘದ ಮಾತು.

ಸಂಘಕ್ಕೆ ಯಾವುದು ಸರಿ?

ಸಂಘ ಮಾಡಹೊರಟಿರುವುದು ಬಳಸುವ ಕೆಲಸವಲ್ಲ, ಹಂಚುವ ಕೆಲಸ. ಇದೇ ಮುಖ್ಯವಾದ ಅಂಶ. ಪುಕ್ಕಟೆ ಎಂದರೆ ಬಳಸಲು ಪುಕ್ಕಟೆ. ನೂರಾರು ಪ್ರತಿ ಮಾಡಿ ಹಂಚಲು ಅಪ್ಪಣೆ ಉಂಟೆಂದು ಅದಕ್ಕೆ ಅರ್ಥವಲ್ಲ. ಕೆಲವು ಪುಕ್ಕಟೆ ತಂತ್ರಾಂಶಗಳು ಮನೆಯ ಉಪಯೋಗಕ್ಕೆ ಮಾತ್ರ. ಆಫೀಸಿಗೆ, ಸಂಘಸಂಸ್ಥೆಗೆ ಬೇರೆ ಕರಾರು. ಪ್ರತಿಯೊಂದರ ಲೈಸೆನ್ಸನ್ನೂ ಬೇರೆ ಬೇರೆಯಾಗಿ ಓದಬೇಕು, ಸಂಶಯ ಬಂದರೆ ಒಡೆಯನಿಗೆ ಬರೆದು ಕೇಳಬೇಕು. ಮುಂದಿನ ಆವೃತ್ತಿಯಲ್ಲಿ ಅವನು ಕರಾರನ್ನು ಬದಲಾಯಿಸಿದರೆ ಮತ್ತೆ ಕೇಳಬೇಕು. ಜಿಪಿಎಲ್ ತಂತ್ರಾಂಶಕ್ಕೆ ಈ ಅಂಜಿಕೆಯಿಲ್ಲ. ಹಂಚುವ ಹಕ್ಕು ಲೈಸೆನ್ಸಿನಲ್ಲೇ ಬರೆದಿದೆ. ಒಮ್ಮೆ ಕೊಟ್ಟ ಪ್ರತಿಯ ಮೇಲಿನ ಹಕ್ಕನ್ನು, ನಾವು ನಿಯಮ ಪಾಲಿಸುವವರೆಗೆ, ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಹಂಚುವವನ ಮೇಲೆ ಒಂದು ಹೊಣೆಯೂ ಇದೆ: ಪಡೆದವನಿಗೆ ಮೂಲವೂ ದೊರೆಯುವಂತೆ ಮಾಡಬೇಕು. ಅದೇನೂ ದೊಡ್ಡ ಭಾರವಲ್ಲ. ಪ್ರೋಗ್ರಾಮಿನ ಜೊತೆಗೆ ಅದೇ ಆವೃತ್ತಿಯ ಮೂಲದ ಕಟ್ಟನ್ನೂ ಲೈಸೆನ್ಸಿನ ಪ್ರತಿಯನ್ನೂ ಅದೇ ಪೆನ್ ಡ್ರೈವಿನಲ್ಲಿ ಇಟ್ಟರೆ ತೀರಿತು.

ಆದ್ದರಿಂದ ನನ್ನ ಸೂಚನೆಗಳನ್ನು ಸಭೆಯ ಮುಂದೆ ಇಡುತ್ತೇನೆ.

ಒಂದು: ಸಂಘದ ಪೆನ್ ಡ್ರೈವಿನಲ್ಲಿ ಡಬಲ್ ಕಮಾಂಡರಿನ ಪೋರ್ಟಬಲ್ ಪ್ರತಿಯನ್ನು ಹಾಕೋಣ. ಅದನ್ನು ಮಾಡಿದವರ ಸ್ವಂತ ತಾಣದಿಂದಲೇ ಇಳಿಸಬೇಕು. ಹುಡುಕಿದಾಗ ಮೊದಲು ಸಿಕ್ಕುವ ಯಾವುದೋ ಡೌನ್‌ಲೋಡ್ ಅಂಗಡಿಯಿಂದಲ್ಲ.

ಎರಡು: ಹಾಕುವ ಮೊದಲು ಸಮಿತಿಯವರು ಪರೀಕ್ಷೆ ಮಾಡಬೇಕು. ಒತ್ತಕ್ಷರವಿರುವ ಕನ್ನಡ ಹೆಸರಿನ ಒಂದು ಫೈಲು ಮಾಡಿ, ಹೆಸರು ಸರಿಯಾಗಿ ಕಾಣುತ್ತದೆಯೆ, ನಕಲು ಮಾಡಿದ ಮೇಲೂ ಹಾಗೆಯೇ ಉಳಿಯುತ್ತದೆಯೆ ಎಂದು ನೋಡಬೇಕು. ಮರೆಯ ಫೈಲುಗಳನ್ನೂ ಹೆಸರಿನ ಬಾಲವನ್ನೂ ತೋರಿಸುವಂತೆ ಮೊದಲೇ ಹೊಂದಿಸಿಡಬೇಕು.

ಮೂರು: ಪೆನ್ ಡ್ರೈವ್ ಕಳೆದುಹೋದರೆ ಆಧಾರ್, ಬ್ಯಾಂಕಿನ ಕಾಗದಗಳು ಪರರ ಪಾಲಾಗಬಾರದು. ಸೆವೆನ್-ಝಿಪ್ ಎಂಬುದು ೧೯೯೯ರಿಂದ ಇರುವ ತೆರೆದ ಮೂಲದ ಸಲಕರಣೆ. ಅದರಿಂದ ಇವನ್ನು ಒಂದು ಕಟ್ಟು ಮಾಡಿ, ಗುಪ್ತಪದದ ಬೀಗ ಹಾಕಿಡಬಹುದು. ಬೀಗ ಹಾಕುವಾಗ ಒಳಗಿನ ಫೈಲುಗಳ ಹೆಸರನ್ನೂ ಮುಚ್ಚುವ ಆಯ್ಕೆಯನ್ನು ಗುರುತುಮಾಡಬೇಕು.

ನಾಲ್ಕು: ಫೈಲ್ ಮ್ಯಾನೇಜರು ವೈದ್ಯನಲ್ಲ. ಅದು ರೋಗವನ್ನು ತೋರಿಸೀತು, ವಾಸಿಮಾಡದು. ರೋಗವಿರುವ ಯಂತ್ರದಲ್ಲಿ ಟೈಪು ಮಾಡಿದ ಗುಪ್ತಪದವನ್ನು ಯಾವ ಪ್ರೋಗ್ರಾಮೂ ಕಾಪಾಡಲಾರದು. ನೆಟ್ ಸೆಂಟರಿಗೆ ಹೋಗುವಾಗ ಆ ದಿನಕ್ಕೆ ಬೇಕಾದ ಕಾಗದ ಮಾತ್ರ ಇರುವ ಬೇರೆ ಪೆನ್ ಡ್ರೈವನ್ನು ಒಯ್ಯಿರಿ. ಪ್ರೋಗ್ರಾಮು ಓಡಿಸುವ ಮೊದಲು ಅಂಗಡಿಯವರನ್ನು ಒಂದು ಮಾತು ಕೇಳಿರಿ, ಯಂತ್ರ ಅವರದು.

ಐದು: ಒಂದೇ ಪ್ರತಿಯನ್ನು ನಂಬಬೇಡಿ. ಒಂದು ಪೆನ್ ಡ್ರೈವಿನಲ್ಲಿ, ಇನ್ನೊಂದು ಊರಲ್ಲಿ ಮನೆಯವರ ಹತ್ತಿರ; ಮೂಲ ಕಾಗದ ಟ್ರಂಕಿನಲ್ಲಿ.

ಆರು: ತಿಂಗಳಿಗೊಂದು ಭಾನುವಾರ ಎರಡು ಗಂಟೆಯ ಪಾಠ ಇಡೋಣ. ಬೆಂಗಳೂರಿನ ಗುರಪ್ಪನಪಾಳ್ಯದ ಕೊಳೆಗೇರಿಯಲ್ಲಿ ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರು ಅಂಬೇಡ್ಕರರ ಹೆಸರಿನ ಗಣಕ ಕೇಂದ್ರವನ್ನು ನಡೆಸಿ, ಕೂಲಿಕಾರರ ಮಕ್ಕಳಿಗೆ ಕಂಪ್ಯೂಟರು ಕಲಿಸಿದ್ದಾರೆ. ಅಲ್ಲಿ ಆದದ್ದು ಜೀಡಿಮೆಟ್ಲಾದಲ್ಲಿ ಆಗದೆ? ನಮ್ಮ ಮಕ್ಕಳು ಕಲಿಸಲಿ, ನಾವು ಕಲಿಯೋಣ. ಎಫ್-೫ ಒತ್ತಲು ಕಲಿಯುವುದು ತಂದೂರಿ ಭಟ್ಟಿಯೊಳಗೆ ಕೈ ಹಾಕುವುದಕ್ಕಿಂತ ಕಷ್ಟದ್ದಲ್ಲ!

ಬಂಧುಗಳೇ, ಪುಕ್ಕಟೆ ಸಿಕ್ಕಿದ್ದಕ್ಕೆ ಕೃತಜ್ಞರಾಗಿರುವುದು ಒಳ್ಳೆಯ ಗುಣ. ಆದರೆ ದುಡಿದವನಿಗೆ ಕೃಪೆ ಬೇರೆ, ಹಕ್ಕು ಬೇರೆ ಎಂಬ ವಿವೇಕವೂ ಬೇಕು. ದೀಪಾವಳಿಗೆ ಮಾಲೀಕ ಕೊಡುವ ಮಿಠಾಯಿಯ ಪೊಟ್ಟಣವನ್ನು ನಾವು ಬೇಡವೆನ್ನುವುದಿಲ್ಲ; ಹಾಗೆಂದು ಅದನ್ನು ಬೋನಸ್ಸೆಂದು ಬರೆದುಕೊಳ್ಳುವುದೂ ಇಲ್ಲ. ತಂತ್ರಾಂಶದ ವಿಷಯದಲ್ಲೂ ಇದೇ ಲೆಕ್ಕ. ಸಭೆಯವರು ಈ ಆರು ಸೂಚನೆಗಳನ್ನು ವಿಚಾರ ಮಾಡಿ, ಸರಿಕಂಡದ್ದನ್ನು ಒಪ್ಪಿ, ಸರಿಕಾಣದ್ದನ್ನು ತಿದ್ದಬೇಕೆಂದು ಕೇಳಿಕೊಳ್ಳುತ್ತೇನೆ.